ಒಂದು ‘ಎಸ್’ ಕಡಿಮೆಯಾದರೆ ಪುಸ್ತಕವೇ ಇಲ್ಲ!

ಕನ್ನಡ ಸೆಮಿನಾರಿಗೆ ನನಗೆ ಬಂದ ವಿಷಯ ಕವಿ ಕೆ. ಎಸ್. ನಿಸಾರ್ ಅಹಮದ್. ನಮ್ಮ ಮನೆಯಲ್ಲಿ ಮಾತಾಡುವುದು ಉರ್ದು, ಅವರ ಮನೆಮಾತೂ ಅದೇ. ಹಾಗಾಗಿ ಖುಷಿಯಿಂದ ಒಪ್ಪಿಕೊಂಡೆ. ಅವರ ಮೊದಲ ಕವನ ಸಂಕಲನ ‘ಮನಸು ಗಾಂಧಿಬಜಾರು’ ಓದಬೇಕೆಂದು ಊರಿನ ಒಂದು ಲೈಬ್ರರಿಗೆ ಹೋದೆ. ಅಲ್ಲಿನ ಕಂಪ್ಯೂಟರಿನಲ್ಲಿ ‘ನಿಸಾರ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ‘ಎಸ್’ ಹಾಕಿ ಹುಡುಕಿದೆ. ಫಲಿತಾಂಶ ಸೊನ್ನೆ. ಕನ್ನಡದಲ್ಲಿ ಟೈಪ್ ಮಾಡಿದೆ. ಆಗಲೂ ಸೊನ್ನೆ. ಪುಸ್ತಕದ ಹೆಸರು ಹಾಕಿದೆ, ‘ಬಜಾರು’ ಪದಕ್ಕೆ ‘ಜೆ’ ಬಳಸಿ. ಸಿಗಲಿಲ್ಲ.

ವಾಪಸ್ ಹೊರಟವನನ್ನು ಗ್ರಂಥಪಾಲಕರು ಕರೆದು, ಕಪಾಟಿನಿಂದ ಆ ಪುಸ್ತಕ ತೆಗೆದುಕೊಟ್ಟರು! ಕಂಪ್ಯೂಟರಿನಲ್ಲಿ ಅದು ಎರಡು ‘ಎಸ್’ ಇರುವ ಹೆಸರಿನಲ್ಲಿ, ‘ಜೆಡ್’ ಇರುವ ಬಜಾರಿನಲ್ಲಿ ಕೂತಿತ್ತು.

ಯಾಕೆ ಹೀಗಾಯಿತು ಎಂದು ಕೇಳಿದೆ. ಅವರು ಹೇಳಿದ್ದನ್ನು ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳುತ್ತೇನೆ. ಲೈಬ್ರರಿಗೆ ಬಂದ ಪುಸ್ತಕವನ್ನು ಮೊದಲು ಅಕ್ಸೆಷನ್ ರಿಜಿಸ್ಟರಿನಲ್ಲಿ ಬಂದ ಕ್ರಮದಲ್ಲೇ ಬರೆಯುತ್ತಾರೆ. ಅದು ನಮ್ಮ ಜರ್ನಲ್. ಕ್ಯಾಟಲಾಗ್ ಎಂದರೆ ಲೆಡ್ಜರ್: ಒಂದೇ ಪುಸ್ತಕ ಲೇಖಕರ ಖಾತೆಗೂ, ಶೀರ್ಷಿಕೆಯ ಖಾತೆಗೂ, ವಿಷಯದ ಖಾತೆಗೂ ಪೋಸ್ಟ್ ಆಗಬೇಕು. ಹಿಂದೆ ಈ ಕೆಲಸಕ್ಕೆ ಮರದ ಡ್ರಾಯರುಗಳಲ್ಲಿ ಕಾರ್ಡುಗಳಿದ್ದವು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1901ರಿಂದಲೇ ಕಾರ್ಡು ಅಚ್ಚು ಹಾಕಿ ಬೇರೆ ಲೈಬ್ರರಿಗಳಿಗೆ ಮಾರುತ್ತಿತ್ತು.

1960ರ ದಶಕದಲ್ಲಿ ಅಲ್ಲೇ ಕೆಲಸ ಮಾಡುತ್ತಿದ್ದ ಹೆನ್ರಿಯೆಟ್ ಅವ್ರಾಮ್ ಎಂಬ ಮಹಿಳೆ ಕಾರ್ಡಿನ ಮಾಹಿತಿಯನ್ನು ಕಂಪ್ಯೂಟರ್ ಓದುವಂತೆ ‘ಮಾರ್ಕ್’ ಎಂಬ ಮಾದರಿ ರೂಪಿಸಿದರು. ಅವರು ಗ್ರಂಥಪಾಲಕಿಯಲ್ಲ, ಪ್ರೋಗ್ರಾಮರ್. ಅದರಲ್ಲಿ ಪ್ರತಿ ಮಾಹಿತಿಗೂ ಒಂದು ಸಂಖ್ಯೆ: ಲೇಖಕರಿಗೆ 100, ಶೀರ್ಷಿಕೆಗೆ 245, ವಿಷಯಕ್ಕೆ 650. ಇವತ್ತಿಗೂ ಅದೇ ಸಂಖ್ಯೆಗಳು. 1971ರಲ್ಲಿ ಒಹಾಯೋದ ಲೈಬ್ರರಿಗಳು ಒಂದೇ ಕಂಪ್ಯೂಟರಿಗೆ ಸೇರಿಕೊಂಡು, ಒಬ್ಬರು ಮಾಡಿದ ದಾಖಲೆಯನ್ನು ಎಲ್ಲರೂ ಬಳಸಲು ಶುರುಮಾಡಿದವು. ಆ ಸಂಸ್ಥೆ, ಒಸಿಎಲ್‌ಸಿ, ಕೊನೆಯ ಕಾರ್ಡು ಅಚ್ಚು ಹಾಕಿದ್ದು 2015ರಲ್ಲಿ. ಅಷ್ಟು ತಡವಾಗಿ! 2000ದಲ್ಲಿ ನ್ಯೂಜಿಲೆಂಡಿನ ಒಂದು ಸಣ್ಣ ಲೈಬ್ರರಿ ‘ಕೋಹಾ’ ಎಂಬ ಉಚಿತ ತಂತ್ರಾಂಶ ಬಳಸತೊಡಗಿತು. ಮಾವೊರಿ ಭಾಷೆಯಲ್ಲಿ ಕೋಹಾ ಎಂದರೆ ಉಡುಗೊರೆ. ನಮ್ಮ ದೇಶದಲ್ಲೂ ಬಹಳ ಲೈಬ್ರರಿಗಳು ಅದನ್ನೇ ಬಳಸುತ್ತವೆ.

ಇಷ್ಟೆಲ್ಲ ಇದ್ದೂ ನನಗೆ ಸೊನ್ನೆ ಯಾಕೆ ಬಂತು? ಕಾರ್ಡಿನ ಕಾಲದಲ್ಲಿ ಒಂದು ಉಪಾಯವಿತ್ತು. ಒಂದು ‘ಎಸ್’ ಇರುವ ಹೆಸರಿನಲ್ಲೂ ಒಂದು ಕಾರ್ಡು ಇಟ್ಟು, ‘ಎರಡು ಎಸ್ ಇರುವ ಹೆಸರು ನೋಡಿ’ ಎಂದು ಬರೆಯುತ್ತಿದ್ದರು. ಕಂಪ್ಯೂಟರಿನಲ್ಲೂ ಅದಕ್ಕೆ ಜಾಗವಿದೆ. ಲೇಖಕರ ಹೆಸರಿಗೇ ಬೇರೆ ದಾಖಲೆ ಮಾಡಿ, ಉಳಿದ ಸ್ಪೆಲಿಂಗುಗಳನ್ನು ಅದರ 400ನೇ ಸಂಖ್ಯೆಯಲ್ಲಿ ತುಂಬಬೇಕು. ಶೀರ್ಷಿಕೆಯನ್ನು ಕನ್ನಡ ಲಿಪಿಯಲ್ಲೂ ಕೊಡಲು 880 ಇದೆ. ಕೋಷ್ಟಕ ಇದೆ, ತುಂಬಿದವರಿಲ್ಲ. ಆ ಲೈಬ್ರರಿಯಲ್ಲಿ ಸಾವಿರಾರು ಪುಸ್ತಕಕ್ಕೆ ಇರುವವರು ಇಬ್ಬರೇ.

ಇದು ನನಗೆ ಬೇಗ ಅರ್ಥವಾಗಲು ಕಾರಣವಿದೆ. ಅಬ್ಬಾ ಹೆಸರಿನ ‘ಮೊಹಮ್ಮದ್’ಗೆ ಒಂದು ದಾಖಲೆಯಲ್ಲಿ ‘ಒ’, ಇನ್ನೊಂದರಲ್ಲಿ ‘ಯು’. ಅದೊಂದು ಅಕ್ಷರಕ್ಕೆ ಕಳೆದ ವರ್ಷ ನನ್ನ ಸ್ಕಾಲರ್‌ಶಿಪ್ ಅರ್ಜಿ ವಾಪಸ್ ಬಂದಿತ್ತು. ನಮ್ಮ ಕಾಲೇಜಿನಲ್ಲಿ ಎಷ್ಟು ಜನರಿಗೆ ಹೀಗಾಗಿದೆಯೋ, ಲೆಕ್ಕ ಹಾಕಿದರೆ ಒಂದು ಲೆಡ್ಜರ್ ಬೇಕು.

ಸದ್ಯಕ್ಕೆ ನಾನು ಮಾಡುವುದು ಇಷ್ಟು: ಪೂರ್ತಿ ಹೆಸರು ಹಾಕುವುದಿಲ್ಲ, ಸ್ಪೆಲಿಂಗ್ ಬದಲಾಗದ ಒಂದೇ ಪದ ಹಾಕುತ್ತೇನೆ. ‘ಮನಸು’ ಎಂದಷ್ಟೇ ಹಾಕಿದ್ದರೆ ಅಂದೇ ಸಿಗುತ್ತಿತ್ತು. ಆಗಲೂ ಸಿಗದಿದ್ದರೆ ಗ್ರಂಥಪಾಲಕರನ್ನು ಕೇಳುತ್ತೇನೆ.

ಪುಸ್ತಕ ಇನ್ನೂ ಹತ್ತು ದಿನ ನನ್ನ ಹತ್ತಿರ ಇರುತ್ತದೆ. ಓದಬೇಕೆನ್ನುವವರು ಊಟದ ಬಿಡುವಿನಲ್ಲಿ ಬನ್ನಿ.