ತಾಯಿಯ ಅಮಲು, ಶಿಶುವಿನ ಆರೈಕೆ ಮತ್ತು ಕಾನೂನು

ಪೀಠಿಕೆ

ಹೊಳಲ್ಕೆರೆ ಕಡೆಯ ಸೊಸೆಯೊಬ್ಬಳು ಚೊಚ್ಚಲ ಹೆರಿಗೆಗಾಗಿ ಹಿರಿಯೂರಿನ ತವರಿಗೆ ಬಂದಿರುವಳೆಂದು ಭಾವಿಸೋಣ. ನೋವು ನಿವಾರಣೆಗೆಂದು ಆರಂಭಿಸಿದ ಅಫೀಮು ವರ್ಗದ ಮಾತ್ರೆ ಅವಳಿಗೆ ಚಟವಾಗಿದೆ. ಗಂಡನ ಮನೆಯ ಊರಿನ ಆರೋಗ್ಯ ಸಹಾಯಕಿಗೆ ಇದರ ಸುಳಿವು ಇದ್ದಿರಬಹುದು. ತವರಿನ ಸಹಾಯಕಿಗೆ ಇಲ್ಲ. ಹೆರಿಗೆ ಸುಸೂತ್ರವಾಗುತ್ತದೆ. ಎರಡನೆಯ ದಿನ ಶಿಶುವು ಕೀರಲು ದನಿಯಲ್ಲಿ ಎಡೆಬಿಡದೆ ಅಳತೊಡಗುತ್ತದೆ; ಕೈಕಾಲು ನಡುಗುತ್ತವೆ; ಮೊಲೆಗೆ ಬಾಯಿಟ್ಟರೂ ಸರಿಯಾಗಿ ಚೀಪುವುದಿಲ್ಲ. ಹಿರಿಯರು ದೃಷ್ಟಿ ತೆಗೆಯುತ್ತಾರೆ. ಕಾರಣವನ್ನು ಬಲ್ಲವಳು ತಾಯಿಯೊಬ್ಬಳೇ. ಆದರೆ ಪೊಲೀಸರು ಬಂದಾರು, ಮಗುವನ್ನು ಕಿತ್ತುಕೊಂಡಾರು ಎಂಬ ಭಯದಿಂದ ಅವಳು ಬಾಯಿ ಬಿಡುವುದಿಲ್ಲ.

ಈ ಭಯ ಎಷ್ಟರ ಮಟ್ಟಿಗೆ ಸರಿ? ಕಾನೂನು ನಿಜವಾಗಿ ಏನು ಹೇಳುತ್ತದೆ? ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಕಾರ್ಯಕರ್ತೆಯರೂ ಕುಟುಂಬದ ಹಿರಿಯರೂ ಇದನ್ನು ಅರಿತಿರುವುದು ಅಗತ್ಯ.

ಗರ್ಭದಲ್ಲಿರುವಾಗ ಆಗುವ ಹಾನಿ

ತಾಯಿ ಸೇವಿಸಿದ ಅಮಲು ಪದಾರ್ಥವು ಮಾಸುಚೀಲದ ಮೂಲಕ ಭ್ರೂಣವನ್ನು ಸೇರುತ್ತದೆ. ಅಡಿಕೆ ತೋಟಗಳಿರುವ ನಮ್ಮ ಸೀಮೆಯಲ್ಲಿ ಎಲೆ-ಅಡಿಕೆಯೊಡನೆ ಹೊಗೆಸೊಪ್ಪನ್ನೋ ಕಡ್ಡಿಪುಡಿಯನ್ನೋ ಹಾಕಿಕೊಳ್ಳುವುದನ್ನು ಅನೇಕರು ಅಮಲೆಂದೇ ಎಣಿಸುವುದಿಲ್ಲ. ಆದರೆ ಹೊಗೆಸೊಪ್ಪಿನಿಂದ ಶಿಶುವಿನ ತೂಕ ಕಡಿಮೆಯಾಗುವ ಮತ್ತು ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವ ಹೆಚ್ಚು. ಮದ್ಯವು ಮೆದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಗರ್ಭಿಣಿಗೆ ಸುರಕ್ಷಿತವಾದ ಮದ್ಯದ ಪ್ರಮಾಣವೆಂಬುದು ಇಲ್ಲ.

ಅಫೀಮು ವರ್ಗದ ಮದ್ದುಗಳ ವಿಷಯ ಇನ್ನೂ ಸೂಕ್ಷ್ಮವಾದುದು. ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ಶಿಶುವಿಗೆ ಆ ಮದ್ದು ನಿಂತುಹೋಗುತ್ತದೆ. ಆಗ, ಸಾಮಾನ್ಯವಾಗಿ ಎರಡು ಮೂರು ದಿನಗಳೊಳಗೆ, ನಡುಕ, ಅಳು, ವಾಂತಿ, ಭೇದಿ, ಕೆಲವೊಮ್ಮೆ ಸೆಳವು ಕಾಣಿಸಿಕೊಳ್ಳುತ್ತವೆ. ಕಾರಣ ತಿಳಿದರೆ ಇದಕ್ಕೆ ಚಿಕಿತ್ಸೆಯುಂಟು. ಮಂದ ಬೆಳಕಿನ ಶಾಂತ ಕೋಣೆ, ಬಟ್ಟೆಯಲ್ಲಿ ಹಿತವಾಗಿ ಸುತ್ತುವುದು, ತಾಯಿಯ ಮೈಗೆ ಮೈ ತಾಗಿಸಿ ಮಲಗಿಸುವುದು, ವೈದ್ಯರು ಬೇಡವೆನ್ನದಿದ್ದರೆ ಎದೆಹಾಲು, ಇವು ಮೊದಲ ಮದ್ದು. ಅಗತ್ಯವಾದಾಗ ವೈದ್ಯರು ಔಷಧವನ್ನೂ ಕೊಡುತ್ತಾರೆ. ಹೀಗೆ, ಯಾವ ತಾಯಿಯಿಂದ ಮಗುವನ್ನು ದೂರ ಮಾಡಬೇಕೆಂದು ಜನ ಹೇಳುವರೋ ಆ ತಾಯಿಯ ಮಡಿಲೇ ಆ ಮಗುವಿಗೆ ಬೇಕಾದ ಚಿಕಿತ್ಸೆಯ ಒಂದು ಭಾಗ.

ಕಾನೂನು ಏನು ಹೇಳುತ್ತದೆ?

ಇಂತಹ ಶಿಶುಗಳಿಗೆಂದೇ ರಚಿಸಿದ ಪ್ರತ್ಯೇಕ ಕಾಯಿದೆ ಭಾರತದಲ್ಲಿಲ್ಲ. ಆದರೆ ಮೂರು ಕಾಯಿದೆಗಳನ್ನು ಒಟ್ಟಿಗೆ ಓದಿದರೆ ದಾರಿ ಸ್ಪಷ್ಟವಾಗುತ್ತದೆ.

1. ಮಾದಕ ವಸ್ತುಗಳ ಕಾಯಿದೆ, 1985: ಮಾದಕ ವಸ್ತುವಿನ ಸೇವನೆ ಈ ಕಾಯಿದೆಯಂತೆ ಅಪರಾಧವೇ ಸರಿ. ಆದರೆ ಸೇವನೆಯ ಅಥವಾ ಅಲ್ಪ ಪ್ರಮಾಣದ ವಸ್ತುವಿನ ಆರೋಪ ಹೊತ್ತ ವ್ಯಸನಿಯು ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತಾನಾಗಿಯೇ ಚಿಕಿತ್ಸೆಗೆ ಒಳಗಾದರೆ, 64ಎ ಕಲಮು ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ. ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಈ ರಕ್ಷಣೆಯನ್ನು ಹಿಂತೆಗೆದುಕೊಳ್ಳಬಹುದು.

2. ಮಾನಸಿಕ ಆರೋಗ್ಯ ಆರೈಕೆ ಕಾಯಿದೆ, 2017: ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ಈ ಕಾಯಿದೆಯ ವ್ಯಾಪ್ತಿಗೆ ಬರುತ್ತವೆ. ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆಯುತ್ತಿರುವ ಸ್ತ್ರೀಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸತಕ್ಕದ್ದಲ್ಲ ಎಂದು 21ನೆಯ ಕಲಮು ವಿಧಿಸುತ್ತದೆ. ಮಗುವಿನ ಸುರಕ್ಷತೆಗಾಗಿ ತಾತ್ಕಾಲಿಕವಾಗಿ ಬೇರ್ಪಡಿಸಿದರೂ 15 ದಿನಗಳಿಗೊಮ್ಮೆ ಪುನರ್ವಿಮರ್ಶೆ ನಡೆಯಬೇಕು. ಒಂದೇ ಸಮನೆ 30 ದಿನ ಮೀರಿದರೆ ಪ್ರಾಧಿಕಾರದ ಒಪ್ಪಿಗೆ ಬೇಕು. ರೋಗಿಯ ವಿವರಗಳನ್ನು ಗೋಪ್ಯವಾಗಿಡುವುದೂ ಈ ಕಾಯಿದೆ ನೀಡಿದ ಹಕ್ಕು.

3. ಬಾಲನ್ಯಾಯ ಕಾಯಿದೆ, 2015: ತಂದೆತಾಯಿ ಮಗುವನ್ನು ಪೋಷಿಸಲು ಅಸಮರ್ಥರೆಂದು ಕಂಡುಬಂದರೆ, ಆ ಮಗು ಆರೈಕೆ ಮತ್ತು ರಕ್ಷಣೆ ಬೇಕಾದ ಮಗುವೆನಿಸಿ ಮಕ್ಕಳ ಕಲ್ಯಾಣ ಸಮಿತಿಯು ತೀರ್ಮಾನಿಸುತ್ತದೆ. ಆಗಲೂ ಪೋಷಣೆಯ ಪ್ರಥಮ ಹೊಣೆ ಕುಟುಂಬದ್ದು. ಸಂಸ್ಥೆಗೆ ಸೇರಿಸುವುದು ಕೊನೆಯ ಉಪಾಯ.

ಪರದೇಶದ ಪಾಠ

ಅಮೆರಿಕದಲ್ಲಿ ಮಕ್ಕಳ ರಕ್ಷಣೆಯ ಕಾಯಿದೆಗೆ 2003ರಲ್ಲಿ ತಿದ್ದುಪಡಿ ತಂದು, ಇಂತಹ ಶಿಶು ಜನಿಸಿದಾಗ ರಕ್ಷಣಾ ಇಲಾಖೆಗೆ ತಿಳಿಸಿ ಸುರಕ್ಷಿತ ಆರೈಕೆಯ ಯೋಜನೆಯೊಂದನ್ನು ಸಿದ್ಧಪಡಿಸಬೇಕೆಂದು ವಿಧಿಸಲಾಯಿತು. 2016ರಲ್ಲಿ ಕುಟುಂಬದ ಚಿಕಿತ್ಸೆಯನ್ನೂ ಆ ಯೋಜನೆಗೆ ಸೇರಿಸಲಾಯಿತು. ಇದಕ್ಕೆ ವ್ಯತಿರಿಕ್ತವಾಗಿ ಟೆನ್ನೆಸ್ಸಿ ರಾಜ್ಯವು 2014ರಲ್ಲಿ ತಾಯಿಯನ್ನೇ ದಂಡಿಸುವ ಕಾನೂನು ತಂದಿತು. ಬಂಧನದ ಭಯದಿಂದ ಗರ್ಭಿಣಿಯರು ಆಸ್ಪತ್ರೆಯಿಂದ ದೂರ ಉಳಿಯುತ್ತಾರೆಂಬ ಆಕ್ಷೇಪ ಎದ್ದಿತು. ಆ ಕಾನೂನನ್ನು ಮುಂದುವರಿಸದೆ 2016ರಲ್ಲಿ ಕೊನೆಗೊಳ್ಳಲು ಬಿಡಲಾಯಿತು. ಭಯವು ತಾಯಿಯ ಬಾಯಿ ಮುಚ್ಚಿಸಿದರೆ ಅದರ ಬೆಲೆ ತೆರುವುದು ಶಿಶು.

ನಾವು ಮಾಡಬೇಕಾದುದೇನು?

ಗರ್ಭಿಣಿಯ ಹೆಸರು ನೋಂದಾಯಿಸುವಾಗಲೇ ಎಲೆ-ಅಡಿಕೆ, ಹೊಗೆಸೊಪ್ಪು, ಮದ್ಯ, ನಿದ್ರೆ ಮಾತ್ರೆ, ನೋವಿನ ಮಾತ್ರೆಗಳ ವಿಷಯವನ್ನು ಅತ್ತೆ, ಗಂಡ ಎದುರಿಗಿಲ್ಲದಾಗ ಮೃದುವಾಗಿ ವಿಚಾರಿಸಿರಿ. ಬೈಯದಿರಿ, ಊರಲ್ಲಿ ಆಡದಿರಿ. ಆಕೆ ತವರಿಗೆ ಹೊರಟರೆ ಅಲ್ಲಿನ ಆಸ್ಪತ್ರೆಗೂ ವಿಷಯ ತಿಳಿಯುವಂತೆ ಆಕೆಯ ಒಪ್ಪಿಗೆ ಪಡೆದು ಏರ್ಪಾಡು ಮಾಡಿರಿ.

ಹೊಗೆಸೊಪ್ಪನ್ನು ಇಂದೇ ಬಿಡಲು ಹೇಳಿರಿ. ಆದರೆ ಅಫೀಮು ವರ್ಗದ ಮದ್ದು, ನಿದ್ರೆ ಮಾತ್ರೆ ಅಥವಾ ನಿತ್ಯದ ಕುಡಿತವನ್ನು ಥಟ್ಟನೆ ನಿಲ್ಲಿಸುವುದು ತಾಯಿಗೂ ಗರ್ಭಕ್ಕೂ ಅಪಾಯ. ಅದು ವೈದ್ಯರ ಮೇಲ್ವಿಚಾರಣೆಯಲ್ಲಿಯೇ ನಡೆಯಬೇಕು. ಹೆರಿಗೆ ಆಸ್ಪತ್ರೆಯಲ್ಲಿಯೇ ಆಗಲಿ. ಶಿಶುವಿನಲ್ಲಿ ನಡುಕ, ಸೆಳವು, ಹಾಲು ಕುಡಿಯದಿರುವುದು ಕಂಡರೆ 108 ವಾಹನ ಕರೆದು ಆಸ್ಪತ್ರೆಗೆ ಸಾಗಿಸಿರಿ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯೂ ಕಾಯಿಲೆಯ ಶಿಶುವಿನ ಚಿಕಿತ್ಸೆಯೂ ಉಚಿತ. ವ್ಯಸನಮುಕ್ತಿಯ ಸಲಹೆಗೆ 14446, ಮಕ್ಕಳ ರಕ್ಷಣೆಗೆ 1098 ಸಂಖ್ಯೆಗಳಿವೆ.

ಮೊದಲು ಹೇಳಿದ ಆ ಬಾಣಂತಿಯ ಬಳಿ ಕುಳಿತು, "ನಿನ್ನನ್ನು ದಂಡಿಸಲು ಅಲ್ಲಮ್ಮ, ಕೂಸಿಗೆ ಸರಿಯಾದ ಮದ್ದು ಕೊಡಿಸಲು ಕೇಳುತ್ತಿದ್ದೇನೆ" ಎಂದು ಸಹಾಯಕಿ ಹೇಳಬಲ್ಲವಳಾದರೆ ಈ ಪಾಠ ಸಾರ್ಥಕ.

ಅಭ್ಯಾಸ

1. ಅಫೀಮು ವರ್ಗದ ಮದ್ದು ಸೇವಿಸಿದ ತಾಯಿಯ ಶಿಶುವಿನಲ್ಲಿ ಯಾವ ಲಕ್ಷಣಗಳು, ಎಂದು ಕಾಣಿಸಿಕೊಳ್ಳುತ್ತವೆ?
2. ತಾಯಿ ಮತ್ತು ಮಗುವನ್ನು ಬೇರ್ಪಡಿಸುವ ವಿಷಯದಲ್ಲಿ 2017ರ ಕಾಯಿದೆ ಏನು ಹೇಳುತ್ತದೆ?
3. ತವರಿಗೆ ಹೊರಟ ಗರ್ಭಿಣಿಯ ವಿಷಯದಲ್ಲಿ ನಿಮ್ಮ ಕರ್ತವ್ಯವೇನು?