ಕಾರಣವೂ ಸಮರ್ಥನೆಯೂ: ಕೊಯಮತ್ತೂರಿನ ಸ್ಫೋಟಗಳ ಹಿನ್ನೆಲೆಯಲ್ಲಿ

ರಜೆಯ ಅರ್ಜಿಯಲ್ಲಿ ವಿದ್ಯಾರ್ಥಿಯು ‘ಜ್ವರದ ಕಾರಣ ತರಗತಿಗೆ ಹಾಜರಾಗಲಿಲ್ಲ’ ಎಂದು ಬರೆಯುತ್ತಾನೆ. ರೈತನು ‘ಮಳೆ ಬಾರದ ಕಾರಣ ಬೆಳೆ ಒಣಗಿತು’ ಎನ್ನುತ್ತಾನೆ. ಪದ ಒಂದೇ, ಅದು ಮಾಡುವ ಕೆಲಸ ಬೇರೆ. ರೈತನ ಮಾತು ಸಂಗತಿಯು ಹೇಗೆ ಘಟಿಸಿತೆಂಬುದನ್ನಷ್ಟೇ ತಿಳಿಸುತ್ತದೆ. ವಿದ್ಯಾರ್ಥಿಯ ಮಾತು ಅದರೊಡನೆ ಕ್ಷಮೆಯನ್ನೂ ಬೇಡುತ್ತದೆ. ಭಯೋತ್ಪಾದಕ ಕೃತ್ಯಗಳ ಹಿಂದಿನ ಕಾರಣಗಳನ್ನು ಪರಿಶೀಲಿಸಬೇಕೆ ಎಂಬ ಚರ್ಚೆ ಕಲಹವಾಗಿ ಮಾರ್ಪಡುವುದು ಬಹುಮಟ್ಟಿಗೆ ಈ ಎರಡು ಅರ್ಥಗಳ ಬೆರಕೆಯಿಂದ. ಒಬ್ಬರು ರೈತನ ಅರ್ಥದಲ್ಲಿ ಕೇಳಿದ್ದನ್ನು ಮತ್ತೊಬ್ಬರು ರಜೆ ಅರ್ಜಿಯ ಅರ್ಥದಲ್ಲಿ ಗ್ರಹಿಸುತ್ತಾರೆ.

ಕೊಯಮತ್ತೂರಿನ ಪ್ರಸಂಗ ಈ ಗೊಂದಲವನ್ನು ಬಿಡಿಸಿಕೊಳ್ಳಲು ನೆರವಾಗುತ್ತದೆ. 1956ರವರೆಗೆ ಕೊಳ್ಳೇಗಾಲವನ್ನೂ ಒಳಗೊಂಡಿದ್ದ ಜಿಲ್ಲೆ ಅದು. ಕನ್ನಡ ಮನೆಮಾತಿನ ದೇವಾಂಗ ನೇಕಾರರು ಇಂದಿಗೂ ಅಲ್ಲಿದ್ದಾರೆ. 1997ರ ನವೆಂಬರ್ 29ರಂದು ನಗರದ ಉಕ್ಕಡಂ ಭಾಗದಲ್ಲಿ ಸಂಚಾರ ಪೊಲೀಸ್ ಪೇದೆಯೊಬ್ಬರ ಕೊಲೆಯಾಯಿತು. ಅದರ ಬೆನ್ನಿಗೆ ಎದ್ದ ಗಲಭೆಯಲ್ಲಿ 18 ಮಂದಿ ಮುಸ್ಲಿಮರು ಸತ್ತರು. ಕೆಲವರು ಗೋಲೀಬಾರಿನಲ್ಲಿ, ಕೆಲವರು ಗುಂಪಿನ ಕೈಯಲ್ಲಿ. ಅವರ ಅಂಗಡಿಗಳು ಬೆಂಕಿಗೆ ಆಹುತಿಯಾದವು. 1998ರ ಫೆಬ್ರವರಿ 14ರಂದು, ಎಲ್.ಕೆ. ಆಡ್ವಾಣಿಯವರ ಚುನಾವಣಾ ಸಭೆಗೆ ಆರ್.ಎಸ್. ಪುರಂನಲ್ಲಿ ಜನ ಸೇರಿದ್ದ ದಿನ, ನಗರದ 11 ಕಡೆ ಬಾಂಬುಗಳು ಸಿಡಿದವು. 58 ಮಂದಿ ಪ್ರಾಣ ಕಳೆದುಕೊಂಡರು. 200ಕ್ಕೂ ಹೆಚ್ಚು ಜನ ಗಾಯಗೊಂಡರು. ಎಸ್.ಎ. ಬಾಷಾ ಕಟ್ಟಿದ ಅಲ್-ಉಮ್ಮಾ ಸಂಘಟನೆಯ ಕೃತ್ಯವಿದು. 2007ರಲ್ಲಿ ವಿಶೇಷ ನ್ಯಾಯಾಲಯವು 158 ಮಂದಿಯನ್ನು ತಪ್ಪಿತಸ್ಥರೆಂದು ಘೋಷಿಸಿತು. ಬಾಷಾಗೆ ಜೀವಾವಧಿ ಶಿಕ್ಷೆಯಾಯಿತು.

ನವೆಂಬರನ್ನು ಬಿಟ್ಟು ಫೆಬ್ರವರಿಯನ್ನು ಹೇಳಿದರೆ ಅದು ಅರ್ಧ ಇತಿಹಾಸ. ಆದರೆ ನವೆಂಬರನ್ನು ಹೇಳಿದೊಡನೆ ಫೆಬ್ರವರಿಯ ಲೆಕ್ಕ ಚುಕ್ತಾ ಆಗುವುದೂ ಇಲ್ಲ. ಸೇಡಿಗೆ ಗುರಿಯೆಂಬುದೊಂದು ಇರುತ್ತದೆ: ಕೊಂದ ಗುಂಪು, ಗುಂಡು ಹಾರಿಸಿದ ಕೈ. ಬಾಂಬು ಸಿಡಿದದ್ದು ರೈಲು ನಿಲ್ದಾಣದ ಬಳಿಯೂ ಸರ್ಕಾರಿ ಆಸ್ಪತ್ರೆಯ ಆವರಣದಲ್ಲಿಯೂ. ರೋಗಿಗೆ ಊಟ ತಂದವನಿಗೂ ಆ ಗಲಭೆಗೂ ಏನು ಸಂಬಂಧ? ಪ್ರೇರಣೆಯನ್ನು ಪೂರ್ತಿಯಾಗಿ ಆಲಿಸಿದ ಮೇಲೆಯೂ ಅದು ಸತ್ತವರವರೆಗೆ ತಲಪುವುದಿಲ್ಲ. ಅಲ್ಲದೆ, ಗಲಭೆಯಲ್ಲಿ ಮಕ್ಕಳನ್ನೂ ಅಂಗಡಿಗಳನ್ನೂ ಕಳೆದುಕೊಂಡ ಎಲ್ಲರೂ ಬಾಂಬು ಕಟ್ಟಲಿಲ್ಲ. ದುಃಖವು ಹಲವರದು, ಆಯ್ಕೆಯು ಕೆಲವರದು.

ನ್ಯಾಯಶಾಸ್ತ್ರವು ಪ್ರೇರಣೆಯನ್ನೂ ಉದ್ದೇಶವನ್ನೂ ಬೇರ್ಪಡಿಸಿರುವುದು ಇದಕ್ಕಾಗಿಯೇ. ಕೊಲ್ಲಬೇಕೆಂಬುದು ಉದ್ದೇಶ, ಏಕೆ ಕೊಲ್ಲಬೇಕೆನಿಸಿತೆಂಬುದು ಪ್ರೇರಣೆ. 2024ರವರೆಗೆ ಜಾರಿಯಲ್ಲಿದ್ದ 1872ರ ಸಾಕ್ಷ್ಯ ಅಧಿನಿಯಮದ 8ನೆಯ ಪ್ರಕರಣದಂತೆ ಪ್ರೇರಣೆಯು ಆರೋಪಿಗೆ ವಿರುದ್ಧವಾದ ಸಾಕ್ಷ್ಯವೂ ಆಗಬಹುದಿತ್ತು. ಮಹಾಭಾರತದ ಸೌಪ್ತಿಕ ಪರ್ವದಲ್ಲಿಯೂ ಈ ವಿವೇಕವಿದೆ. ತಂದೆ ದ್ರೋಣನನ್ನು ಸುಳ್ಳಿನಿಂದ ಕೊಲ್ಲಿಸಿದರೆಂಬ ಅಶ್ವತ್ಥಾಮನ ಸಂಕಟವನ್ನು ಕಾವ್ಯವು ಮರೆಮಾಚುವುದಿಲ್ಲ. ಆದರೂ ಮಲಗಿದ್ದವರನ್ನು ಇರಿದ ಆ ರಾತ್ರಿಗೆ ಅವನು ಶಾಪವನ್ನೇ ಪಡೆಯುತ್ತಾನೆ.

ಪ್ರತಿಪಕ್ಷದ ಆಕ್ಷೇಪವೊಂದನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಬಾಂಬು ಸಿಡಿದ ಮೇಲೆ ಅಹವಾಲು ಕೇಳಲು ಕುಳಿತರೆ, ಕೇಳಿಸಬೇಕಾದವರು ಬಾಂಬನ್ನೇ ಹಿಡಿಯಬೇಕೆಂದು ಕಲಿಸಿದಂತಾಗದೆ? ಆಗುತ್ತದೆ, ಕೇಳುವುದನ್ನು ಬಾಂಬು ಸಿಡಿದ ಅನಂತರವೇ ಆರಂಭಿಸಿದರೆ. ಗಲಭೆಯಲ್ಲಿ ಸತ್ತವರ ಮನೆಯವರ ಅಹವಾಲಿಗೆ 1997ರ ಡಿಸೆಂಬರಿನಲ್ಲಿಯೇ ಪೂರ್ಣ ತೂಕವಿತ್ತು. ಫೆಬ್ರವರಿಯ ಸ್ಫೋಟ ಅದಕ್ಕೆ ಒಂದು ಗುಂಜಿಯಷ್ಟನ್ನೂ ಕೂಡಿಸಲಿಲ್ಲ, ಕಳೆಯಲೂ ಕೂಡದು. ಯಾರು ಮಾಡಿದರೆಂಬುದನ್ನು ನ್ಯಾಯಾಲಯ ವಿಚಾರಿಸಿತು. ಹೇಗೆ ಅಲ್ಲಿಗೆ ಮುಟ್ಟಿತೆಂಬುದನ್ನು ನ್ಯಾಯಮೂರ್ತಿ ಪಿ.ಆರ್. ಗೋಕುಲಕೃಷ್ಣನ್ ಆಯೋಗ ವಿಚಾರಿಸಿತು. ಎರಡನೆಯ ಪ್ರಶ್ನೆಯನ್ನು ಕೇಳಿದ್ದರಿಂದ ಮೊದಲನೆಯದರ ಉತ್ತರವೇನೂ ಸಡಿಲವಾಗಲಿಲ್ಲ.

ಕಾರಣವನ್ನು ನೋಡಲೊಪ್ಪದಿದ್ದರೆ ಆ ಸ್ಥಾನ ಖಾಲಿ ಉಳಿಯುವುದಿಲ್ಲ. ಅಲ್ಲಿ ಇಡೀ ಸಮುದಾಯದ ಹೆಸರು ಬಂದು ಕೂರುತ್ತದೆ. 2022ರ ಅಕ್ಟೋಬರ್ 23ರಂದು, ದೀಪಾವಳಿಯ ಹಿಂದಿನ ದಿನ, ಅದೇ ಉಕ್ಕಡಂ ಬಳಿ ಕೋಟ್ಟೈ ಈಶ್ವರನ್ ದೇವಾಲಯದ ಮುಂದೆ ಕಾರೊಂದು ಸ್ಫೋಟಗೊಂಡು ಅದರೊಳಗಿದ್ದವನು ಸತ್ತನು. ಕೆಲವು ದಿನಗಳ ಬಳಿಕ ಆ ಭಾಗದ ಜಮಾತ್‌ನ ಪ್ರತಿನಿಧಿಗಳು ದೇವಾಲಯಕ್ಕೆ ಹೋಗಿ ಅರ್ಚಕರೊಡನೆ ಮಾತನಾಡಿ ಬಂದರು. 1997ರ ನೆನಪು ಅವರಿಗೂ ಇತ್ತು.