ಲೂಪಸ್ ಇದ್ದವರು ಕಣ್ಣನ್ನು ಮರೆಯಬೇಡಿ

ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದೇಹದ ವಿರುದ್ಧ ತಿರುಗುವ ಕಾಯಿಲೆ ಲೂಪಸ್. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಮಹಿಳೆಯರು. ಕೀಲುನೋವು, ಮುಖದ ಕೆಂಪು ಕಲೆ, ಮೂತ್ರಪಿಂಡದ ತೊಂದರೆಗೆ ಎಲ್ಲರೂ ಚಿಕಿತ್ಸೆ ಪಡೆಯುತ್ತಾರೆ. ಕಣ್ಣು ಮಾತ್ರ ಮರೆತುಹೋಗುತ್ತದೆ.

ಒಣಗಿದ ಕಣ್ಣು: ಲೂಪಸ್‌ನಲ್ಲಿ ಹೆಚ್ಚಾಗಿ ಕಾಣುವ ಕಣ್ಣಿನ ತೊಂದರೆ ಇದು. ಮರಳು ಬಿದ್ದಂತೆ ಚುಚ್ಚುತ್ತದೆ, ಉರಿಯುತ್ತದೆ. ಗುತ್ತಲ, ಬ್ಯಾಡಗಿ ಕಡೆ ಮೆಣಸಿನಕಾಯಿ ತುಂಬು ಬಿಡಿಸುವ ಸಹೋದರಿಯರು ಇದನ್ನು ಘಾಟಿನ ಉರಿ ಎಂದೇ ತಿಳಿಯಬಹುದು. ಕೆಲಸವಿಲ್ಲದ ದಿನವೂ ಉರಿ ಇದ್ದರೆ ವೈದ್ಯರಿಗೆ ತೋರಿಸಿ. ಸುರ್ಮಾ ಹಚ್ಚಬೇಡಿ, ಹಲವು ಸುರ್ಮಾಗಳಲ್ಲಿ ಸೀಸದ ಅಂಶವಿರುತ್ತದೆ.

ತುರ್ತು ಲಕ್ಷಣಗಳು: ಹಠಾತ್ತನೆ ದೃಷ್ಟಿ ಮಂಜಾಗುವುದು, ಕಣ್ಣ ಮುಂದೆ ಕಪ್ಪು ಚುಕ್ಕೆ ಅಥವಾ ಪರದೆ ಬಂದಂತಾಗುವುದು, ತೀವ್ರ ನೋವಿನೊಂದಿಗೆ ಕೆಂಪಾಗುವುದು. ಅಕ್ಷಿಪಟಲದ ರಕ್ತನಾಳಗಳಿಗೆ ಲೂಪಸ್ ತಗುಲಿದಾಗಲೂ ಹೀಗಾಗಬಹುದು. ನಾಳೆ ನೋಡೋಣ ಎನ್ನದೆ ಅಂದೇ ಆಸ್ಪತ್ರೆಗೆ ಹೋಗಿ.

ಮಾತ್ರೆಯ ಭಯ: ಲೂಪಸ್‌ಗೆ ಮುಖ್ಯ ಔಷಧ ಹೈಡ್ರಾಕ್ಸಿಕ್ಲೋರೋಕ್ವಿನ್. ಕೋವಿಡ್ ಕಾಲದಲ್ಲಿ ಮನೆಮಾತಾದ ಮಾತ್ರೆ ಇದೇ. ಹಲವು ವರ್ಷ ಸೇವಿಸಿದರೆ ಕೆಲವರಲ್ಲಿ ಅಕ್ಷಿಪಟಲಕ್ಕೆ ಹಾನಿಯಾಗಬಹುದು. ಆರಂಭದಲ್ಲಿ ರೋಗಿಗೆ ಏನೂ ಗೊತ್ತಾಗುವುದಿಲ್ಲ; ಆದ ಹಾನಿ ಮತ್ತೆ ಸರಿಹೋಗುವುದೂ ಇಲ್ಲ. ಹಾಗೆಂದು ಮಾತ್ರೆ ಬಿಟ್ಟರೆ ಕಾಯಿಲೆ ಕೆರಳಿ ಮೂತ್ರಪಿಂಡಕ್ಕೇ ಅಪಾಯ. ಮಾತ್ರೆ ಬಿಡುವುದಲ್ಲ, ಕಣ್ಣು ಪರೀಕ್ಷಿಸಿಕೊಳ್ಳುವುದೇ ಇದಕ್ಕೆ ದಾರಿ.

ಸಾಮಾನ್ಯವಾಗಿ ದಿನದ ಪ್ರಮಾಣ ದೇಹದ ತೂಕದ ಪ್ರತಿ ಕಿಲೋಗೆ 5 ಮಿ.ಗ್ರಾಂ. ಮೀರಬಾರದು. ಆದ್ದರಿಂದ ತೂಕ ಇಳಿದಿದ್ದರೆ ವೈದ್ಯರಿಗೆ ತಿಳಿಸಿ. ಮಾತ್ರೆ ಶುರುವಾದ ಮೊದಲ ವರ್ಷದೊಳಗೆ ಒಮ್ಮೆ, 5 ವರ್ಷಗಳ ನಂತರ ಪ್ರತಿವರ್ಷ ಅಕ್ಷಿಪಟಲದ ಪರೀಕ್ಷೆ ಮಾಡಿಸಬೇಕು. ಮೂತ್ರಪಿಂಡದ ತೊಂದರೆ ಇರುವವರಿಗೆ ಇನ್ನೂ ಬೇಗ ಬೇಕಾಗುತ್ತದೆ. ಮೊದಲು ಹಾವೇರಿ ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿ. ಓಸಿಟಿ ಸ್ಕ್ಯಾನ್ ಬೇಕೆಂದರೆ ಹುಬ್ಬಳ್ಳಿಗೆ ಹೋಗಬೇಕಾಗಬಹುದು. ಮಾತ್ರೆಯ ಚೀಟಿ ಜೊತೆಗಿರಲಿ.

ಸ್ಟೀರಾಯ್ಡ್: ದೀರ್ಘಕಾಲ ಸೇವಿಸುವವರಲ್ಲಿ ಕಣ್ಣಿನ ಪೊರೆ ಬರಬಹುದು, ಕಣ್ಣಿನ ಒತ್ತಡ ಏರಬಹುದು. ಒತ್ತಡ ಏರಿದ್ದು ನೋವಿಲ್ಲದೆಯೇ ದೃಷ್ಟಿ ಕಸಿಯಬಲ್ಲದು, ಅಳೆದೇ ತಿಳಿಯಬೇಕು. ಸ್ಟೀರಾಯ್ಡನ್ನು ಹಠಾತ್ತಾಗಿ ನಿಲ್ಲಿಸುವುದೂ ಅಪಾಯ.

ರಮಝಾನ್‌ನಲ್ಲಿ: ಮಾತ್ರೆಗಳನ್ನು ಸಹರಿ ಮತ್ತು ಇಫ್ತಾರ್ ವೇಳೆಗೆ ಹೊಂದಿಸಬಹುದೇ ಎಂದು ಮೊದಲೇ ವೈದ್ಯರನ್ನು ಕೇಳಿ. ಹನಫೀ, ಶಾಫಿಈ ಮದ್‌ಹಬ್‌ಗಳ ಪ್ರಕಾರ ಕಣ್ಣಿಗೆ ಹನಿ ಹಾಕಿದರೆ ಉಪವಾಸ ಮುರಿಯುವುದಿಲ್ಲ. ಉಪವಾಸದಿಂದ ಕಾಯಿಲೆ ಹೆಚ್ಚುವುದಾದರೆ ಕುರ್‌ಆನ್ (2:184) ರೋಗಿಗೆ ರಿಯಾಯಿತಿ ಕೊಟ್ಟಿದೆ. ದೃಷ್ಟಿ ಅಲ್ಲಾಹನು ಕೊಟ್ಟ ಅಮಾನತ್ತು. ಅದನ್ನು ಕಾಪಾಡಿಕೊಳ್ಳುವುದು ನಮ್ಮ ಹೊಣೆ.